ಫ್ಲಶ್ ಟ್ಯಾಂಕಿನ 'ಫಿಲ್ ವಾಲ್ವ್'ಗೆ ನಿಮ್ಮ ಕಡೆ ಏನಂತೀರಿ?

ಎಲ್ಲರಿಗೂ ನಮಸ್ಕಾರ. ತುಮಕೂರಿನಿಂದ ಬರೀತಿದ್ದೇನೆ. ಫ್ಲಶ್ ಟ್ಯಾಂಕಿಗೆ ನೀರು ಬಿಟ್ಟು, ತುಂಬಿದಾಗ ನಿಲ್ಲಿಸುವ ಫಿಲ್ ವಾಲ್ವಿಗೆ ಒಂದು ಪದ ಬೇಕಾಗಿದೆ. ಅದು ಫೋನಲ್ಲಿ ಹೇಳಿದರೂ ತಕ್ಷಣ ತಿಳಿಯುವಂಥದ್ದಾಗಿರಬೇಕು.

ಮಧುಗಿರಿಯಲ್ಲಿರುವ ನಮ್ಮ ಅಕ್ಕ, ಭಾವ ಹೋದ ಭಾನುವಾರ ತಾವೇ ಹೊಸ ಕಮೋಡ್ ಕೂರಿಸಿದರು. ಚೆನ್ನಾಗೇ ಕೂರಿಸಿದ್ದರು, ತಳದಲ್ಲಿ ಒಂದು ಹನಿ ಸೋರಲಿಲ್ಲ. ಆದರೆ ಆ್ಯಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ನಲ್ಲಿ) ತಿರುಗಿಸಿದ ಮೇಲೆ ಟ್ಯಾಂಕಿಗೆ ನೀರು ಬರೋದು ನಿಲ್ಲಲೇ ಇಲ್ಲ. ಒಳಗೆ ಸುಯ್ ಅಂತ ಸದ್ದು, ಕಮೋಡಿನೊಳಗೆ ಹಿಂಬದಿಯಲ್ಲಿ ಸಣ್ಣಗೆ ನೀರು ಇಳೀತಾನೇ ಇತ್ತು. ಅಕ್ಕ ಫೋನ್ ಮಾಡಿದಳು. "ಫಿಲ್ ವಾಲ್ವ್ ತಲೆ ಬಿಚ್ಚಿ ನೋಡಕ್ಕ" ಅಂದೆ. ಅವಳಿಗೆ ಕೇಳಿಸಿದ್ದು ಫ್ಲಶ್ ವಾಲ್ವ್. ನಡುವೆ ನಿಂತಿರೋ ದಪ್ಪನೆಯದನ್ನು ಹಿಡಿದು ತಿರುಗಿಸಿ ಎತ್ತಿದಳು, ಟ್ಯಾಂಕಿನ ನೀರೆಲ್ಲ ಒಂದೇ ಸಲಕ್ಕೆ ಕೆಳಗಿಳಿದುಹೋಯ್ತು. ಅವಳದೇನೂ ತಪ್ಪಿಲ್ಲ. ಎರಡೂ ಪ್ಲಾಸ್ಟಿಕ್ಕು, ಎರಡೂ ವಾಲ್ವು, ಹೆಸರು ಕೂಡ ಕಿವಿಗೆ ಹತ್ತತ್ತಿರವೇ.

ನನ್ನ ಪಕ್ಕ ಕೂತು ಅವರೆಕಾಯಿ ಸುಲೀತಿದ್ದ ಅಮ್ಮ ಆಗ ಬಾಯಿ ಹಾಕಿದಳು: "ನೀರು ಕೋಡಿ ಹೋಗ್ತೈತಾ, ಇಲ್ಲ ತೂಬಲ್ಲಿ ಸೋರ್ತೈತಾ, ಅದನ್ನ ಕೇಳೋ ಮೊದ್ಲು."

ಇದಕ್ಕಿಂತ ಸರಿಯಾದ ಪ್ರಶ್ನೆ ಇಲ್ಲ. ಟ್ಯಾಂಕೊಳಗೆ ನೇರ ನಿಂತಿರುವ ಕೊಳವೆಗೆ ಓವರ್‌ಫ್ಲೋ ಅಂತಾರಲ್ಲ, ಅದು ಕೆರೆಯ ಕೋಡಿಯೇ. ನೀರು ಅದರ ಬಾಯಿ ಮುಟ್ಟಿದರೆ ಬಚ್ಚಲಿಗೆ ಚೆಲ್ಲದೆ ಕಮೋಡಿಗೆ ಇಳಿಯುತ್ತೆ. ತಳದಲ್ಲಿ ರಬ್ಬರ್ ಕೂತಿರುವ ಫ್ಲಶ್ ವಾಲ್ವ್ ತೂಬು. ಗುಂಡಿ ಒತ್ತಿದರೆ ಅದು ಮೇಲೇಳುತ್ತೆ, ಹಳೇ ತೂಬಿನ ಬಾಯಿಂದ ಮರದ ಗೂಟ ಎತ್ತಿದ ಹಾಗೆ. ಈ ಎರಡೂ ಪದ ನಮ್ಮ ಕಡೆ ಯಾರಿಗೂ ಹೊಸದಲ್ಲ. ದೊಡ್ಡಬಳ್ಳಾಪುರದ ಹತ್ತಿರ ತೂಬಗೆರೆ ಅಂತ ಊರೇ ಇದೆ. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ನಮ್ಮ ಕೆರೆಗಳಿಗೆಲ್ಲ ಟ್ಯಾಂಕ್ ಅಂತಲೇ ಬರೆದಿದ್ದಾರೆ, ಹಾಗಿರುವಾಗ ಈ ಪುಟ್ಟ ಟ್ಯಾಂಕಿಗೆ ಕೆರೆಯ ಮಾತು ಹೊಂದೋದು ಸಹಜ ಅಲ್ವಾ.

ಆಮೇಲೆ ಅಕ್ಕನಿಗೆ ಎಲ್ಲ ಸಲೀಸಾಯ್ತು. "ತೂಬನ್ನ ವಾಪಸ್ ಕೂರಿಸು. ಟ್ಯಾಂಕ್ ಕೋಡಿವರೆಗೆ ತುಂಬಲಿ, ಆ್ಯಂಗಲ್ ಕಾಕ್ ನಿಲ್ಲಿಸು, ಬಟ್ಟೆಗೆ ಹಾಕೋ ನೀಲಿ ನಾಲ್ಕು ಹನಿ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡು" ಅಂದೆ. ನೀರು ಕೋಡಿ ಬಾಯಿಯಲ್ಲೇ ನಿಂತಿತ್ತು, ಕಮೋಡಿಗೆ ಬಣ್ಣ ಬಂದಿರಲಿಲ್ಲ. ಅಂದರೆ ತೂಬು ಸರಿ ಇದೆ, ತೊಂದರೆ ಇರೋದು ನೀರು ಒಳಗೆ ಬಿಡುವ ಕಡೆ. ನೋಡಿದರೆ ನೀರಿನ ಜೊತೆ ಎದ್ದು ಫಿಲ್ ವಾಲ್ವ್ ಮುಚ್ಚುವ ಫ್ಲೋಟು ತೀರಾ ಮೇಲಿತ್ತು. ಅದು ಪೂರ್ತಿ ಏಳೋದರೊಳಗೆ ನೀರು ಕೋಡಿ ದಾಟುತ್ತಿತ್ತು, ಇನ್ನು ವಾಲ್ವ್ ಮುಚ್ಚೋದಾದರೂ ಹೇಗೆ? ಪಕ್ಕದ ಸ್ಕ್ರೂ ತಿರುಗಿಸಿ, ನೀರು ಕೋಡಿಗಿಂತ ಒಂದು ಇಂಚು ಕೆಳಗೇ ನಿಲ್ಲುವ ಹಾಗೆ ಇಳಿಸಿದಳು.

ಆದರೂ ಸುಯ್ ಸದ್ದು ಪೂರ್ತಿ ಹೋಗಲಿಲ್ಲ. ಮತ್ತೆ ಆ್ಯಂಗಲ್ ಕಾಕ್ ಮುಚ್ಚಿಸಿ, ಫಿಲ್ ವಾಲ್ವಿನ ಮೇಲಿನ ಮುಚ್ಚಳ ತುಸು ಎಡಕ್ಕೆ ತಿರುಗಿಸಿ ತೆಗೆಸಿದೆ. ಈ ನಮೂನೆಯದ್ದು ಎಂಟನೇ ಒಂದು ಸುತ್ತು ತಿರುಗಿಸಿದರೆ ಸಾಕು, ಬಿಚ್ಚಿಕೊಳ್ಳುತ್ತೆ. ಒಳಗೆ ಕರೀ ರಬ್ಬರ್ ಬಿಲ್ಲೆ. ಅದಕ್ಕೆ ಅಂಟಿಕೊಂಡು ಉಗುರಿನ ಚೂರಿನಷ್ಟು ಪಿವಿಸಿ ಸೀಳು, ಎರಡು ಮರಳಿನ ಕಾಳು. ಪೈಪ್ ಕೊಯ್ದಾಗ ಒಳಗೇ ಉಳಿದದ್ದು. ತೆರೆದ ಬಾಯಿಗೆ ಲೋಟ ಬೋರಲು ಹಿಡಿದು ಒಂದು ಕ್ಷಣ ನೀರು ಬಿಟ್ಟು ಕಸ ಹೊರಗೆ ತಳ್ಳಿದಳು. ಮುಚ್ಚಳ ಹಾಕಿದ ಮೇಲೆ ಸದ್ದು ನಿಂತಿತು.

ಈಗ ನನ್ನ ಪ್ರಶ್ನೆ. ಕೋಡಿ, ತೂಬು ಸಿಕ್ಕವು. ಫ್ಲೋಟಿಗೆ ಬೆಂಡು ಅಂದೆ, ಗಾಳದ ದಾರಕ್ಕೆ ಕಟ್ಟೋದೂ ಬೆಂಡೇ. ಅಕ್ಕ ಜಾತ್ರೆಯ ಬೆಂಡು ಬತ್ತಾಸು ನೆನೆಸಿಕೊಂಡಳು, ಆದರೂ ಅರ್ಥವಾಯ್ತು. ಆದರೆ ಫಿಲ್ ವಾಲ್ವಿಗೆ?

ಶಾಲೆ ಪುಸ್ತಕದ 'ಕವಾಟ' ಇಲ್ಲಿ ಕೆಲಸಕ್ಕೆ ಬರಲ್ಲ. ಎರಡೂ ಕವಾಟಗಳೇ, ಗೊಂದಲ ಹಾಗೇ ಉಳಿಯುತ್ತೆ. ಅಂಗಡಿಯಲ್ಲಿ 'ಬಾಲ್ ಕಾಕ್' ಅಂತಾರೆ, ಹಿತ್ತಾಳೆ ಕಡ್ಡಿಗೆ ಚೆಂಡು ಸಿಕ್ಕಿಸಿದ್ದ ಕಾಲಕ್ಕೆ ಅದು ಸರಿ. ಈಗಿನದರಲ್ಲಿ ಚೆಂಡೇ ಇಲ್ಲ. 'ಬಾಲ್ ವಾಲ್ವ್' ಅಂದರಂತೂ ಹಿಡಿ ಇರೋ ಬೇರೆಯದೇ ಸಾಮಾನು ಕೊಡುತ್ತಾರೆ.

ಅಮ್ಮ ಹೇಳಿದ್ದು 'ನೀರುಗಂಟಿ'. ಕೇಳಿದ ಕೂಡಲೇ ತುಂಬ ಹಿಡಿಸಿತು. ಕೋಲಾರ, ತುಮಕೂರು ಕಡೆ ತೂಬು ಎತ್ತಿ ಗದ್ದೆಗಳಿಗೆ ನೀರು ಹಂಚುತ್ತಿದ್ದವರು ನೀರುಗಂಟಿಗಳು. ಈಗ ಪಂಚಾಯ್ತಿಯಲ್ಲಿ ಮೋಟರ್ ಹಾಕಿ ಟ್ಯಾಂಕ್ ತುಂಬಿಸುವವರನ್ನೂ ಹಾಗೇ ಕರೀತೀವಿ. ತುಂಬಿತಾ ನೋಡಿ ನಿಲ್ಲಿಸೋದು, ಕಡಿಮೆಯಾದರೆ ಬಿಡೋದು, ಈ ವಾಲ್ವಿನ ಕೆಲಸವೂ ಅಷ್ಟೇ. ಆದರೆ ಯೋಚಿಸಿದಷ್ಟೂ ಮನಸ್ಸು ಒಪ್ಪುತ್ತಿಲ್ಲ. ಹಲವು ಊರುಗಳಲ್ಲಿ ದಲಿತ ಕುಟುಂಬಗಳು ತಲೆಮಾರುಗಳಿಂದ ಮಾಡಿಕೊಂಡು ಬಂದ ಕೆಲಸ ಅದು, ಇವತ್ತಿಗೂ ಮಾಡುತ್ತಿರುವವರಿದ್ದಾರೆ. ಬದುಕಿರುವ ಮನುಷ್ಯರ ಹೆಸರನ್ನು ಕಕ್ಕಸಿನ ಸಾಮಾನಿಗೆ ಇಡೋದು ನನಗೆ ಸರಿ ಕಾಣಲಿಲ್ಲ. ಅಮ್ಮನಿಗೆ ಹೇಳಿದೆ, ಅವಳೂ ಹೌದು ಅಂದಳು.

ಅದಕ್ಕೆ ನಾನು ಕಟ್ಟಿದ್ದು 'ಬೆಂಡುಗೊಳಾಯಿ', ಬೆಂಡು ಎದ್ದರೆ ಮುಚ್ಚುವ ಕೊಳಾಯಿ. 'ಬೆಂಡುನಲ್ಲಿ' ಅಂತಲೂ ಅಂದುಕೊಂಡೆ. ಬರೆದು ನೋಡಿದರೆ 'ಬೆಂಡಿನಲ್ಲಿ' ಅನ್ನೋದನ್ನು ತಪ್ಪಾಗಿ ಬರೆದ ಹಾಗೆ ಕಾಣುತ್ತೆ, ಹಾಗಾಗಿ ಕೈಬಿಟ್ಟೆ.

ಬೆಂಡು ಅಂದರೆ ತೇಲುವ ವಸ್ತು ಅಂತ ನಿಮ್ಮ ಊರಲ್ಲಿ ಈಗಲೂ ತಿಳಿಯುತ್ತಾ? ಪ್ಲಂಬಿಂಗ್ ಕೆಲಸ ಮಾಡುವವರ ಬಾಯಲ್ಲಿ ಇದಕ್ಕೆ ಬೇರೆ ಹೆಸರು ಕೇಳಿದ್ದೀರಾ? ಆ ವಾಲ್ವಿಂದ ಕೋಡಿಯ ಬಾಯಿಗೆ ಹೋಗುವ ಸಣ್ಣ ರಬ್ಬರ್ ಟ್ಯೂಬಿಗೂ ಹೆಸರಿದ್ದರೆ ತಿಳಿಸಿ. ಅಕ್ಕ ಅದನ್ನು ಇನ್ನೂ "ಆ ಪುಟಾಣಿ ಪೈಪು" ಅಂತಲೇ ಕರೀತಿದ್ದಾಳೆ.