ಸೀಗೆ: ಬಳ್ಳಿಯೋ, ಮೆಳೆಯೋ, ಮರವೋ?

ಗೆಳೆಯರೇ,

ಮಕ್ಕಳಿಗಾಗಿ ಗಿಡಮರಗಳ ಚಿಕ್ಕದೊಂದು ಪದಕೋಶ ಮಾಡುತ್ತಿದ್ದೇನೆ. ‘ಸೀಗೆ’ ಹತ್ತಿರ ಕೆಲಸ ನಿಂತಿದೆ. ಸೀಗೆಕಾಯಿ, ಸೀಗೆಪುಡಿ ಎಲ್ಲರಿಗೂ ಗೊತ್ತು. ಆದರೆ ಆ ಕಾಯಿ ಬಿಡುವುದನ್ನು ಏನೆಂದು ಕರೆಯಬೇಕು? ಸೀಗೆ ಬಳ್ಳಿ ಅನ್ನುತ್ತಾರೆ, ಸೀಗೆ ಮೆಳೆ ಅನ್ನುತ್ತಾರೆ, ಮಲೆನಾಡಿನ ಕಡೆ ಸೀಗೆಮಟ್ಟಿ ಅನ್ನುತ್ತಾರೆ. ಪುಡಿಯನ್ನು ಮಾತ್ರ ಕಂಡ ಪೇಟೆಯವರು ‘ಸೀಗೆಕಾಯಿ ಮರ’ ಅನ್ನುವುದೂ ಉಂಟು.

ಮರವಂತೂ ಅಲ್ಲ. ಕಾಂಡ ಗಟ್ಟಿ, ಕಟ್ಟಿಗೆಯಂಥದ್ದೇ. ಆದರೂ ತಾನಾಗಿ ನೆಟ್ಟಗೆ ನಿಲ್ಲುವುದಿಲ್ಲ. ಪಕ್ಕದ ಮರ ಸಿಕ್ಕರೆ ನೆತ್ತಿಯವರೆಗೂ ಹೋಗುತ್ತದೆ, ಸಿಗದಿದ್ದರೆ ಅಲ್ಲೇ ಹರಡಿ ಮೆಳೆಯಾಗುತ್ತದೆ. ಹಾಗಾಗಿ ಬಳ್ಳಿ ಅಂದವರೂ ಮೆಳೆ ಅಂದವರೂ ಕಂಡದ್ದನ್ನೇ ಹೇಳಿದ್ದಾರೆ.

ಬಳ್ಳಿ ಅನ್ನಲು ನನಗಿರುವ ಅಡ್ಡಿ ಬೇರೆ. ಅವರೆ ಸುತ್ತಿಕೊಂಡು ಹತ್ತುತ್ತದೆ. ಹೀರೆ, ಹಾಗಲಕ್ಕೆ ಸುರುಳಿ ಸುತ್ತುವ ಕುಡಿಗಳಿವೆ. ಕಾಳುಮೆಣಸು ಗಂಟಿನಿಂದ ಬೇರು ಬಿಟ್ಟು ಮರಕ್ಕೆ ಅಂಟುತ್ತದೆ. ಸೀಗೆಗೆ ಇದ್ಯಾವುದೂ ಇಲ್ಲ. ಅದು ಮುಳ್ಳಿನಿಂದ ಹತ್ತುತ್ತದೆ. ಆ ಮುಳ್ಳು ನೇರವಾಗಿಲ್ಲ, ಬುಡದ ಕಡೆಗೆ ಬಾಗಿದ ಕೊಕ್ಕೆ. ಕಾಂಡದ ಮೇಲಷ್ಟೇ ಅಲ್ಲ, ಎಲೆಯ ನಡುದಂಟಿನ ಅಡಿಯಲ್ಲೂ ಸಣ್ಣ ಕೊಕ್ಕೆಗಳಿರುತ್ತವೆ. ಮೆಳೆಯೊಳಗೆ ಕೈ ಸಲೀಸಾಗಿ ಹೋಗುತ್ತದೆ, ಹೊರಗೆ ಎಳೆದಾಗ ಹಿಡಿದುಕೊಳ್ಳುತ್ತದೆ. ಗಾಳಿಗೆ ತೂಗುವ ಹೊಸ ಚಿಗುರು ಹೀಗೇ ಕೊಂಬೆಗೆ ಸಿಕ್ಕಿಕೊಂಡು ಮೇಲೇರುವುದು. ಬೋಗನ್‌ವಿಲ್ಲದ್ದೂ ಮುಳ್ಳಿನ ಆಸರೆಯೇ, ಅಲ್ವಾ? ಅದನ್ನು ನಾವು ‘ಗಿಡ’ ಅನ್ನುತ್ತೇವೆ!

ಜಾಲಿಗೂ ಸೀಗೆಗೂ ಇರುವ ವ್ಯತ್ಯಾಸವೂ ಮುಳ್ಳಿನಲ್ಲಿ ಕಾಣುತ್ತದೆ. ಜಾಲಿಯದು ಎಲೆಬುಡದಲ್ಲಿ ಜೋಡಿಜೋಡಿಯಾಗಿ ಬರುವ ನೇರ ಮುಳ್ಳು. ಹಿಂದೆ ಎರಡನ್ನೂ ಅಕೇಶಿಯ ಎಂಬ ಒಂದೇ ಕುಲಕ್ಕೆ ಸೇರಿಸಿದ್ದರು. 2005ರಲ್ಲಿ ವಿಯೆನ್ನಾದಲ್ಲಿ ನಡೆದ ಸಸ್ಯವಿಜ್ಞಾನಿಗಳ ಸಮ್ಮೇಳನದಲ್ಲಿ ಆ ಹೆಸರು ಆಸ್ಟ್ರೇಲಿಯದ ಸಸ್ಯಗಳ ಗುಂಪಿನ ಪಾಲಾಯಿತು. ಜಾಲಿ ಈಗ ವಾಚೆಲಿಯ. ಅಕೇಶಿಯ ಕನ್ಸಿನ್ನ ಆಗಿದ್ದ ಸೀಗೆ ಈಗ ಸೆನೆಗಾಲಿಯ ರುಗಾಟ. ‘ರುಗಾಟ’ ಅಂದರೆ ಸುಕ್ಕುಗಟ್ಟಿದ್ದು. ಹಸಿಯಿದ್ದಾಗ ದಪ್ಪಗಿರುವ ಕಾಯಿ ಒಣಗಿದ ಮೇಲೆ ಹೇಗಾಗುತ್ತದೆ ಅಂತ ನೋಡಿದವರಿಗೆ ಈ ಹೆಸರು ಹಿಡಿಸುತ್ತದೆ. ನೊರೆ ಬರುವುದು ಆ ಸಿಪ್ಪೆಯಲ್ಲಿರುವ ಸಪೋನಿನ್‌ನಿಂದ. ಕಾಡುಸೀಗೆಯ ಕಾಯಿ ತೆಳ್ಳಗೆ, ಚಪ್ಪಟೆ. ಅದನ್ನು ಕೋಶದಲ್ಲಿ ಬೇರೆ ನಮೂದಾಗಿಯೇ ಕೊಡುತ್ತೇನೆ.

ಪದದ ಮೂಲದ ಬಗ್ಗೆ ಒಂದು ಮಾತು. ಶಿಖೆಗೆ, ಅಂದರೆ ಜುಟ್ಟಿಗೆ, ಹಚ್ಚುವ ಕಾಯಿ ಆದ್ದರಿಂದ ‘ಶಿಖೆಕಾಯಿ’, ಅದೇ ಸೀಗೆಕಾಯಿ ಆಯಿತು ಅನ್ನುವ ವಿವರಣೆ ಅಲ್ಲಲ್ಲಿ ಓಡಾಡುತ್ತದೆ. ನನಗೆ ಇದು ಒಪ್ಪಿಗೆಯಾಗಿಲ್ಲ. ನಮ್ಮಲ್ಲಿ ಗಿಡದ ಹೆಸರೇ ಸೀಗೆ, ಕಾಯಿ ಆಮೇಲೆ ಸೇರಿದ್ದು. ತಮಿಳಿನಲ್ಲಿ ಸೀಯಕ್ಕಾಯ್, ತೆಲುಗಿನಲ್ಲಿ ಸೀಕಾಯ ಇವೆ. ಹಿಂದಿಯವರ ‘ಶಿಕಾಕಾಯಿ’ಯ ಬಾಲದಲ್ಲಿರುವುದೂ ದಕ್ಷಿಣದ ‘ಕಾಯಿ’ಯೇ.

ಈಗ ನನ್ನ ಪ್ರಶ್ನೆಗಳು. ಹೀಗೆ ಕಟ್ಟಿಗೆಯಂಥ ಕಾಂಡವಿದ್ದು ಬೇರೆ ಮರದ ಆಸರೆಯಲ್ಲಿ ಏರುವ ಸಸ್ಯಕ್ಕೆಲ್ಲ ಒಂದೇ ಪದ ಬೇಕು. ‘ದಾರುಲತೆ’ ಮಕ್ಕಳ ಬಾಯಿಗೆ ಹೊರೆ. ‘ಮರಬಳ್ಳಿ’ ಅಂದರೆ ಮರದ ಮೇಲಿನ ಬಳ್ಳಿ ಅನ್ನಿಸಿಬಿಡುತ್ತದೆ. ನನ್ನ ಒಲವು ‘ಅಡರುಬಳ್ಳಿ’ ಕಡೆಗೆ. ಅಡರು ಅಂದರೆ ಏರು, ಹತ್ತು. ಸುತ್ತಲಿ, ಅಂಟಲಿ, ಕೊಕ್ಕೆ ಹಾಕಲಿ, ಎಲ್ಲಕ್ಕೂ ಹೊಂದುತ್ತದೆ. ನಿಮ್ಮ ಊರಲ್ಲಿ ಇದಕ್ಕಿಂತ ಬಳಕೆಯ ಪದವಿದ್ದರೆ ದಯವಿಟ್ಟು ತಿಳಿಸಿ. ಯಾವ ಸೀಮೆಯದು ಅಂತಲೂ ಬರೆಯಿರಿ.

ಇನ್ನೊಂದು, ಉತ್ತರ ಕರ್ನಾಟಕದವರಿಗೆ. ಹೊಲಕ್ಕೆ ಹೋಗಿ ಚರಗ, ಅಂದರೆ ಎಡೆಯ ಅಡುಗೆ, ಚೆಲ್ಲುವ ಶೀಗಿ ಹುಣ್ಣಿಮೆಯ ‘ಶೀಗಿ’ ಇದೇ ಸೀಗೆಯೇ? ಕಾಯಿ ಕೊಯ್ಲಿಗೆ ಬರುವುದು ಚಳಿಗಾಲ ಕಳೆಯುವ ಹೊತ್ತಿಗೆ, ಹುಣ್ಣಿಮೆ ಇರುವುದು ಆಶ್ವಯುಜದಲ್ಲಿ. ಅದಕ್ಕೇ ಅನುಮಾನ. ಪೂಜೆಯಲ್ಲಿ ಸೀಗೆಯ ಸೊಪ್ಪನ್ನೋ ಕೊಂಬೆಯನ್ನೋ ಬಳಸುವ ರೂಢಿ ನಿಮ್ಮ ಮನೆಯಲ್ಲಿದ್ದರೆ ಬರೆಯಿರಿ.