ಲಿಯು ಹುವಾಚಿಂಗ್‌ಗೆ ಅಷ್ಟೊಂದು ಹೆಸರು ಯಾಕೆ?

ಹುಬ್ಬಳ್ಳಿ ಹುಡುಗ:
ಚೀನಾದ ನೌಕಾಪಡೆ ಬಗ್ಗೆ ಏನೇ ಓದಿದರೂ ಈ ಹೆಸರು ಬಂದೇ ಬರುತ್ತದೆ. ವಿಮಾನವಾಹಕ ನೌಕೆಗಳ ಪಿತಾಮಹ ಅಂತಾರೆ. ಆದರೆ ಲೆಕ್ಕ ತಾಳೆಯಾಗುತ್ತಿಲ್ಲ. ಅವರು ನೌಕಾಪಡೆಯ ಮುಖ್ಯಸ್ಥರಾಗಿದ್ದು 1982ರಿಂದ 1988ರವರೆಗೆ. ತೀರಿಕೊಂಡಿದ್ದು 2011ರ ಜನವರಿಯಲ್ಲಿ. ಮೊದಲ ವಿಮಾನವಾಹಕ ಲಿಯಾವೋನಿಂಗ್ ಸೇವೆಗೆ ಸೇರಿದ್ದು 2012ರಲ್ಲಿ. ಮತ್ತೆ ಅವರು ಮಾಡಿದ್ದಾದರೂ ಏನು?

ಎಂಜಿನ್ ರೂಮ್:
ಹಡಗಿನ ತಳದಲ್ಲೇ ನೌಕರಿ ಮುಗಿಸಿದವನು ನಾನು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೀತು. ನನ್ನ ಪ್ರಕಾರ ಕಬ್ಬಿಣ ಯಾವಾಗ ಬೇಕಾದರೂ ಸಿಗುತ್ತದೆ. ಜನ ತಯಾರಾಗೋದಕ್ಕೇ ಜಾಸ್ತಿ ವರ್ಷ ಬೇಕು.

ಲಿಯು ಹುಟ್ಟಿದ್ದು 1916ರಲ್ಲಿ, ಹುಬೇ ಪ್ರಾಂತ್ಯದಲ್ಲಿ. ಹುಡುಗನಾಗಿದ್ದಾಗಲೇ ಕಮ್ಯುನಿಸ್ಟರ ಕೆಂಪು ಸೇನೆ ಸೇರಿ, ಆ ಸೇನೆ ಸಾವಿರಾರು ಕಿಲೋಮೀಟರ್ ಹಿಂದೆ ಸರಿದ ಲಾಂಗ್ ಮಾರ್ಚ್‌ನಲ್ಲಿ ನಡೆದವರು. ಯುದ್ಧಕಾಲದಲ್ಲಿ ಇದ್ದದ್ದು ಮುಂದೆ ಚೀನಾದ ಪರಮೋಚ್ಚ ನಾಯಕರಾದ ಡೆಂಗ್ ಷಿಯಾವೊಪಿಂಗ್ ಅವರ ಕೈಕೆಳಗೆ. ಆ ನಂಟು ಮುಂದೆ ಕೈ ಹಿಡಿಯಿತು ಅನ್ನೋದರಲ್ಲಿ ಅನುಮಾನವೇ ಇಲ್ಲ. 1954ರಲ್ಲಿ ಲೆನಿನ್‌ಗ್ರಾಡ್‌ನ ನೌಕಾ ಅಕಾಡೆಮಿಗೆ ಓದಲು ಹೋದರು. ಬಂದ ಮೇಲೆ ಹಡಗು ಸಂಶೋಧನೆಯ ಕೆಲಸ. ಅಂದರೆ ಬರೀ ಕಾಲಾಳು ಅಲ್ಲ.

1980ರಲ್ಲಿ ಅಮೆರಿಕಕ್ಕೆ ಹೋದ ನಿಯೋಗದಲ್ಲಿ ಇವರಿದ್ದರು. ಕಿಟಿ ಹಾಕ್ ಎಂಬ ವಿಮಾನವಾಹಕ ನೌಕೆ ಹತ್ತಿದರು. ಆಗಿನ ಒಂದು ಫೋಟೋ ಹುಡುಕಿ ನೋಡಿ. ಅರವತ್ತು ದಾಟಿದ ಸೇನಾಧಿಕಾರಿ ತುದಿಗಾಲಲ್ಲಿ ನಿಂತು, ಕತ್ತು ಉದ್ದ ಮಾಡಿ ಒಂದು ಯಂತ್ರವನ್ನು ನೋಡುತ್ತಿದ್ದಾರೆ. ಪಕ್ಕದಲ್ಲಿ ಯಾರಿದ್ದಾರೆ ಅನ್ನೋ ಪರಿವೆಯೇ ಇಲ್ಲ.

ಎರಡು ವರ್ಷದ ನಂತರ ನೌಕಾಪಡೆ ಅವರ ಕೈಗೆ ಬಂತು. ಅಲ್ಲಿಯವರೆಗೆ ಅದು ದಡ ಕಾಯುವ ಪಡೆ. ಜಪಾನ್, ತೈವಾನ್, ಫಿಲಿಪ್ಪೀನ್ಸ್ ಸಾಲಿನವರೆಗಾದರೂ ನಮ್ಮ ಹಿಡಿತ ಇರಬೇಕು ಅಂತ ಪಟ್ಟು ಹಿಡಿದವರು ಇವರು. 1985ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್ ಎಂಬ ಹಳೆಯ ವಿಮಾನವಾಹಕ ನೌಕೆ ಗುಜರಿಗೆ ಅಂತ ಚೀನಾಕ್ಕೆ ಬಂತು. ಚೀನಾದ ಎಂಜಿನಿಯರುಗಳು ಅದನ್ನು ಇಂಚಿಂಚೂ ನೋಡಿಯೇ ಒಡೆದದ್ದು. 1987ರಲ್ಲಿ ಯುದ್ಧವಿಮಾನದ ಪೈಲಟ್‌ಗಳನ್ನು ಆರಿಸಿ ಹಡಗಿನ ಕ್ಯಾಪ್ಟನ್ ಆಗುವ ತರಬೇತಿಗೆ ಹಾಕಿದರು. ಹಡಗೇ ಇಲ್ಲ, ಕ್ಯಾಪ್ಟನ್‌ಗಳು ತಯಾರು! ನನಗೆ ಇಷ್ಟವಾದದ್ದು ಇದೇ.

ಹುಬ್ಬಳ್ಳಿ ಹುಡುಗ:
ಸರ್, ಡೆಂಗ್ ಬೆಂಬಲ ಇದ್ದರೆ ಆಗಲೇ ಒಂದು ಕಟ್ಟಬಹುದಿತ್ತು ಅಲ್ವಾ?

ಎಂಜಿನ್ ರೂಮ್:
ದುಡ್ಡು ಎಲ್ಲಿತ್ತು? ಅದೇ 1985ರಲ್ಲಿ ಡೆಂಗ್ ಸೇನೆಯಿಂದ 10 ಲಕ್ಷ ಜನರನ್ನು ಕಡಿಮೆ ಮಾಡುವುದಾಗಿ ಹೇಳಿದರು. ಆರ್ಥಿಕತೆ ಮೊದಲು, ಸೇನೆ ಆಮೇಲೆ. ಲಿಯು 1987ರಲ್ಲಿ ವಿಮಾನವಾಹಕದ ಪ್ರಸ್ತಾಪ ಮುಂದಿಟ್ಟರೂ ಕಡತ ಮೇಲೇಳಲಿಲ್ಲ.

ಇತಿಹಾಸ ಮೇಷ್ಟ್ರು:
ಹೊಗಳಿಕೆ ಸಾಕು, ಇನ್ನೊಂದು ಮುಖವನ್ನೂ ಹೇಳಿ. 1989ರಲ್ಲಿ ವಿದ್ಯಾರ್ಥಿಗಳ ಪ್ರಜಾಪ್ರಭುತ್ವ ಚಳವಳಿ ಹತ್ತಿಕ್ಕಲು ಬೀಜಿಂಗ್‌ನಲ್ಲಿ ಸೇನಾ ಆಡಳಿತ ಜಾರಿಯಾದಾಗ ಪಡೆಗಳ ಕಾರ್ಯಾಚರಣೆಯ ಹೊಣೆ ಇವರದೇ. ತಿಯಾನನ್‌ಮೆನ್ ಸುತ್ತ ಸತ್ತವರು ಸಾಮಾನ್ಯ ಜನ. ಅದೇ ವರ್ಷ ಕೇಂದ್ರ ಸೇನಾ ಆಯೋಗದ ಉಪಾಧ್ಯಕ್ಷರಾದರು. 1992ರಲ್ಲಿ ಕಮ್ಯುನಿಸ್ಟ್ ಪಕ್ಷದ ಅತ್ಯುನ್ನತ ಕೂಟವಾದ ಪಾಲಿಟ್‌ಬ್ಯೂರೋ ಸ್ಥಾಯಿ ಸಮಿತಿಗೂ ಬಂದರು. 1997ರಲ್ಲಿ ಅವರು ಹೋದ ಮೇಲೆ ಆ ಸಮಿತಿಗೆ ಸಮವಸ್ತ್ರದವರು ಯಾರೂ ಬಂದಿಲ್ಲ.

ಎಂಜಿನ್ ರೂಮ್:
ಒಪ್ಪಿದೆ ಮೇಷ್ಟ್ರೇ, ಅದನ್ನು ಬಿಟ್ಟು ಅವರ ಕಥೆ ಹೇಳೋದು ತಪ್ಪು.

ಕಡಲ ತೀರ:
ಲಿಯಾವೋನಿಂಗ್ ಕೂಡ ಸೋವಿಯತ್ ಹಡಗೇ ಅಲ್ವಾ, ನಮ್ಮ ವಿಕ್ರಮಾದಿತ್ಯದ ಹಾಗೆ?

ಎಂಜಿನ್ ರೂಮ್:
ಹೌದು, ಆದರೆ ಬೇರೆ ವರ್ಗದ್ದು. ಲಿಯಾವೋನಿಂಗ್‌ನ ಹಳೆಯ ಹೆಸರು ವರ್ಯಾಗ್. ಕಟ್ಟುವ ಕೆಲಸ ಅರ್ಧಕ್ಕೇ ನಿಂತಿದ್ದ ಅದನ್ನು ಮಕಾವ್‌ನ ಕಂಪನಿಯೊಂದು 1998ರಲ್ಲಿ ಉಕ್ರೇನ್‌ನಿಂದ ಕೊಂಡಿತು, ತೇಲುವ ಕ್ಯಾಸಿನೋ ಮಾಡ್ತೀವಿ ಅಂತ ಹೇಳಿ! ಟರ್ಕಿ ಒಂದು ವರ್ಷಕ್ಕಿಂತ ಜಾಸ್ತಿ ಬಾಸ್ಫರಸ್ ಜಲಸಂಧಿ ದಾಟಲು ಬಿಡಲಿಲ್ಲ. ಕೊನೆಗೆ 2002ರಲ್ಲಿ ಎಳೆದುಕೊಂಡು ಚೀನಾದ ದಾಲಿಯನ್ ಬಂದರು ಮುಟ್ಟಿಸಿದರು. ಕಾರವಾರದ ವಿಕ್ರಮಾದಿತ್ಯದ ಸ್ವಂತ ಅಕ್ಕಂದಿರ ಪೈಕಿ ಇಬ್ಬರು, ಅಂದರೆ ಅದೇ ವರ್ಗದ ಹಡಗುಗಳು, ಕೀವ್ ಮತ್ತು ಮಿನ್ಸ್ಕ್. ಅವೂ ಚೀನಾಕ್ಕೇ ಹೋದವು. ಎರಡನ್ನೂ ಪ್ರವಾಸಿಗರ ಪಾರ್ಕ್ ಮಾಡಿದರು.