ಅಪ್‌ಡೇಟ್: ಕೀಬೋರ್ಡಿನ ಮೇಲಿನ ಸಾಲಿನಲ್ಲೇ ಮುಗಿಯುವ ಉದ್ದನೆಯ ಪದ

ಕ್ಯೂನಿಂದ ಪಿವರೆಗೆ ಮೇಲಿನ ಸಾಲಿನಲ್ಲಿರುವ 10 ಅಕ್ಷರಗಳಿಂದಲೇ ಟೈಪ್ ಮಾಡಬಹುದಾದ ಉದ್ದನೆಯ ಇಂಗ್ಲಿಷ್ ಪದಗಳನ್ನು ಹುಡುಕುವುದು ಹೇಗೆ ಅಂತ ಕೇಳಿದ್ದೆ. ಮಗಳ ಜೊತೆ ಆಡುವ ಪದದಾಟಕ್ಕೆ ಬೇಕಿತ್ತು. ಗ್ರೆಪ್ (ಫೈಲಿನಲ್ಲಿ ನಾವು ಕೊಟ್ಟ ಮಾದರಿಗೆ ಹೊಂದುವ ಸಾಲುಗಳನ್ನು ಹುಡುಕಿಕೊಡುವ ಕಮಾಂಡ್) ಬಳಸಿ ಅಂದವರಿಗೆ ತುಂಬಾ ಥ್ಯಾಂಕ್ಸ್.

ಲಿನಕ್ಸ್‌ನಲ್ಲಿರುವ ಪದಪಟ್ಟಿಯ ಫೈಲ್ ತೆಗೆದುಕೊಂಡೆ. ಗ್ರೆಪ್‌ಗೆ ಕೊಡುವ ಮಾದರಿ ಹೀಗೆ: ಚೌಕ ಬ್ರ್ಯಾಕೆಟ್ ಒಳಗೆ ಆ 10 ಅಕ್ಷರ, ಆಮೇಲೆ ಪ್ಲಸ್ (ಅವು ಎಷ್ಟು ಸಲ ಬಂದರೂ ಸರಿ ಅಂತ). ಪದದ ಶುರುವನ್ನು ಸೂಚಿಸಲು ಮೊದಲು ಕ್ಯಾರೆಟ್ (^), ಕೊನೆಯನ್ನು ಸೂಚಿಸಲು ಆಮೇಲೆ ಡಾಲರ್ ಚಿಹ್ನೆ ($) ಇರಲೇಬೇಕು. ಇಲ್ಲದಿದ್ದರೆ ಅವುಗಳಲ್ಲಿ ಒಂದು ಅಕ್ಷರ ಇದ್ದರೂ ಸಾಕು, ಪದ ಒಳಗೆ ನುಗ್ಗಿಬಿಡುತ್ತದೆ. ಬಂದದ್ದನ್ನು ಉದ್ದದ ಪ್ರಕಾರ ಜೋಡಿಸಿದರೆ ಆಯ್ತು.

10 ಅಕ್ಷರದವು ಸುಮಾರು ಸಿಗುತ್ತವೆ: ಪ್ರೊಪ್ರೈಟರ್, ಪರ್ಪೆಚುಯಿಟಿ, ರೆಪರ್ಟ್ವಾರ್. ಟೈಪ್‌ರೈಟರ್ ಅನ್ನೋ ಪದವೂ ಅದೇ ಸಾಲಿನದು, ಚೆನ್ನಾಗಿದೆ ಅಲ್ವಾ! 11 ಅಕ್ಷರದ್ದು ರಪ್ಚರ್‌ವರ್ಟ್. ಆರ್-ಯು-ಪಿ-ಟಿ-ಯು-ಆರ್-ಇ, ಆಮೇಲೆ ಡಬ್ಲ್ಯೂ-ಓ-ಆರ್-ಟಿ. ಅದೊಂದು ಪುಟ್ಟ ಗಿಡ. ಹಿಂದೆ ಯುರೋಪಿನಲ್ಲಿ ಹರ್ನಿಯಾಕ್ಕೆ ಮದ್ದು ಅಂತ ನಂಬುತ್ತಿದ್ದರು, ಹರ್ನಿಯಾಕ್ಕೆ ಇಂಗ್ಲಿಷಿನಲ್ಲಿ ರಪ್ಚರ್ ಅಂತಲೂ ಅನ್ನುತ್ತಾರೆ, ಹೆಸರು ಬಂದದ್ದೂ ಅದರಿಂದಲೇ.

ಉಳಿದ ಸಾಲುಗಳಲ್ಲಿ ಯಾಕೆ ಜಾಸ್ತಿ ಸಿಗಲ್ಲ ಅಂತಲೂ ಈಗ ಗೊತ್ತಾಯಿತು. ಐದು ಸ್ವರಗಳಲ್ಲಿ ನಾಲ್ಕು ಮೇಲಿನ ಸಾಲಿನಲ್ಲೇ ಇವೆ. ನಡುವಿನ ಸಾಲಿಗೆ ಎ ಒಂದೇ. ಅಲ್ಲಿ ನಮಗೆ ಆಲ್ಫಾಲ್ಫಾ ಸಿಕ್ಕಿತು, ನಮ್ಮ ಕಡೆ ದನಕ್ಕೆ ಹಾಕುವ ಕುದುರೆ ಮಸಾಲೆ ಸೊಪ್ಪು. ಕೆಳಗಿನ ಸಾಲಿನಲ್ಲಿ ಸ್ವರವೇ ಇಲ್ಲ.

ಈಗ ಮಗಳಿಗೆ ಬರೀ ಎಡಗೈಯಲ್ಲಿ ಟೈಪ್ ಮಾಡುವ ಪದಗಳು ಬೇಕಂತೆ. 12 ಅಕ್ಷರದ ಸ್ಟೂವರ್ಡೆಸಸ್ ಸಿಕ್ಕಿದೆ. ಇನ್ನೂ ಉದ್ದದ್ದು ಗೊತ್ತಿದ್ದರೆ ಹೇಳಿ.